ನೋಡಿ ಬರೆದದ್ದೇ ಪಹಣಿ

ಮೃಗಶಿರ ಮಳೆಯು ಹದವಾಗಿ ಬಿದ್ದಿತೆಂದರೆ ಧಾರವಾಡ ಜಿಲ್ಹೆಯ ಎರೆಹೊಲಗಳಲ್ಲಿ ಕೂರಿಗೆಗಳು ಓಡತೊಡಗುವವು. ನವಲಗುಂದ, ಅಣ್ಣಿಗೇರಿ, ಕುಂದಗೋಳಗಳ ಕಡೆಗೆ ಹೆಸರು, ಹತ್ತಿ, ಶೇಂಗಾ, ಮೆಣಸಿನಕಾಯಿ; ಕಲಘಟಗಿ, ಅಳ್ನಾವರಗಳ ಕಡೆಗೆ ಭತ್ತ, ಗೋವಿನಜೋಳ; ಮುಂದೆ ಹಿಂಗಾರಿಗೆ ಬಿಳಿಜೋಳ, ಕಡಲೆ, ಗೋಧಿ, ಕುಸುಬಿ. ಇದು ನಮ್ಮ ಹಿರಿಯರ ಕಾಲದಿಂದಲೂ ನಡೆದು ಬಂದ ಕ್ರಮ. ಆದರೆ ಈಚಿನ ಕೆಲವು ವರ್ಷಗಳಿಂದ ಬಿತ್ತನೆಯ ಬೆನ್ನಿಗೇ ಇನ್ನೊಂದು ಕಾರ್ಯವು ನಮ್ಮ ಹೊಲಗಳೊಳಗೆ ಕಾಲಿಟ್ಟಿದೆ. ಒಬ್ಬ ತರುಣನು ಕೈಯಲ್ಲಿ ಮೊಬೈಲು ಹಿಡಿದು ಬದುವಿನ ಮೇಲೆ ನಿಲ್ಲುತ್ತಾನೆ. ಸರ್ವೆ ನಂಬರನ್ನೂ ಹಿಸ್ಸೆಯನ್ನೂ ಆರಿಸುತ್ತಾನೆ. ಬೆಳೆಯ ಹೆಸರು, ಎಕರೆ-ಗುಂಟೆ, ಮಳೆಯಾಶ್ರಿತವೋ ನೀರಾವರಿಯೋ ಎಂಬುದನ್ನು ತುಂಬಿ, ಬೆಳೆಯ ಚಿತ್ರವನ್ನು ತೆಗೆದು ಕಳಿಸಿಬಿಡುತ್ತಾನೆ. ಐದು ಮಿನಿಟಿನ ಕೆಲಸ. ಇದಕ್ಕೆ ಬೆಳೆ ಸಮೀಕ್ಷೆಯೆಂದು ಹೆಸರು.

ಈ ಐದು ಮಿನಿಟಿನ ಬರಹದ ಮೇಲೆ ಒಕ್ಕಲಿಗನ ವರ್ಷವೆಲ್ಲವೂ ನಿಂತಿರುವದೆಂಬ ಸಂಗತಿಯನ್ನು ನಮ್ಮ ವಾಚಕರಲ್ಲಿ ಅನೇಕರು ಇನ್ನೂ ಮನಸ್ಸಿಗೆ ತಂದುಕೊಂಡಿಲ್ಲವೆಂದು ನಮಗೆ ತೋರುತ್ತದೆ. ಆದುದರಿಂದ ಇಂದು ಆ ವಿಷಯವಾಗಿ ನಾಲ್ಕು ಮಾತುಗಳನ್ನು ಬರೆಯಬೇಕೆಂದಿದ್ದೇವೆ.

ಬರಹದ ಬಲ

ಮೊದಲು ಈ ಬರಹವು ಎಲ್ಲೆಲ್ಲಿ ಉಪಯೋಗಕ್ಕೆ ಬರುವದೆಂಬುದನ್ನು ನೋಡೋಣ. ಬೆಂಬಲ ಬೆಲೆಗೆ ಹೆಸರನ್ನೋ ಕಡಲೆಯನ್ನೋ ಮಾರಹೋದ ಒಕ್ಕಲಿಗನು ಅದೇ ಬೆಳೆಯನ್ನು ಬೆಳೆದಿದ್ದನೆಂಬುದಕ್ಕೆ ಸಮೀಕ್ಷೆಯೇ ಸಾಕ್ಷಿ. ೨೦೨೫-೨೬ನೆಯ ಸಾಲಿಗೆ ಹೆಸರಿನ ಬೆಂಬಲ ಬೆಲೆಯು ಕ್ವಿಂಟಲಿಗೆ ೮,೭೬೮ ರೂಪಾಯಿ. ಪೇಟೆಯ ಧಾರಣೆಯು ಇದಕ್ಕಿಂತ ಸಾವಿರ ರೂಪಾಯಿ ಕೆಳಗಿಳಿದ ಸುಗ್ಗಿಯಲ್ಲಿ ಹತ್ತು ಕ್ವಿಂಟಲು ತಂದವನ ಹೆಸರು ದಾಖಲೆಯಲ್ಲಿ ಇಲ್ಲವೆಂದಾದರೆ ಅವನಿಗೆ ಒಂದೇ ಏಟಿಗೆ ಹತ್ತು ಸಾವಿರ ರೂಪಾಯಿ ಹಾನಿ. ಬೆಣ್ಣೆಹಳ್ಳವೋ ತುಪ್ಪರಿಹಳ್ಳವೋ ಉಕ್ಕಿ ಹರಿದು ಬೆಳೆ ಕೊಚ್ಚಿಹೋದಾಗ ಸರಕಾರವು ಕೊಡುವ ಪರಿಹಾರಕ್ಕೂ ಇದೇ ಆಧಾರ. ೨೦೧೬ರಲ್ಲಿ ಆರಂಭವಾದ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ಒಕ್ಕಲಿಗನು ಮುಂಗಾರಿಗೆ ನೂರಕ್ಕೆ ೨, ಹಿಂಗಾರಿಗೆ ೧||, ವಾಣಿಜ್ಯ ಮತ್ತು ತೋಟದ ಬೆಳೆಗಳಿಗೆ ೫ರ ವರೆಗೆ ಕಂತು ತುಂಬುತ್ತಾನೆ. ವಿಮೆ ಮಾಡಿಸಿದ ಬೆಳೆಯೂ ಸಮೀಕ್ಷೆಯಲ್ಲಿ ಕಂಡ ಬೆಳೆಯೂ ಒಂದೇ ಆಗಿರದಿದ್ದರೆ ಅವನ ಅರ್ಜಿಯು ತಂಟೆಗೆ ಬೀಳುವದು.

ಒಂದು ಉದಾಹರಣೆಯನ್ನು ಊಹಿಸಿಕೊಳ್ಳಿರಿ. ನಾಲ್ಕು ಎಕರೆ ಇಪ್ಪತ್ತು ಗುಂಟೆಯ ಒಂದು ಹೊಲ. ಮೂರು ಎಕರೆ ಹೆಸರು, ಉಳಿದದ್ದು ಹತ್ತಿ, ನಡುವೆ ತೊಗರಿಯ ಅಕ್ಕಡಿ. ನೆರೆಯವನದು ಎಲ್ಲವೂ ಗೋವಿನಜೋಳ. ಬರೆಯಬಂದವನು ರಸ್ತೆಯ ಅಂಚಿನಲ್ಲಿ ನಿಂತು, ಮಳೆಯ ಕೆಸರಿಗೆ ಹೆದರಿ, ಎರಡೂ ಹೊಲಗಳಿಗೆ ಗೋವಿನಜೋಳವೆಂದೇ ತುಂಬಿ ಹೋದನು. ಹೆಸರು ತೊಂಬತ್ತು ದಿನಗಳೊಳಗೆ ಕಟಾವಾಗಿ ಹೋಗುವ ಬೆಳೆ. ತಪ್ಪು ಒಕ್ಕಲಿಗನ ಕಣ್ಣಿಗೆ ಬೀಳುವ ಹೊತ್ತಿಗೆ ಹೊಲದಲ್ಲಿ ತೋರಿಸಲು ಒಂದು ಗಿಡವೂ ಇರುವದಿಲ್ಲ. ಭೂಮಿಯು ಸಾಕ್ಷಿ ಹೇಳಲಾರದು. ಸಾಕ್ಷಿ ಹೇಳುವ ಬರಹವೋ ಸುಳ್ಳಾಗಿದೆ. ಆಗ ಬಡವನು ಯಾರ ಮುಂದೆ ಹೋಗಿ ನಿಲ್ಲಬೇಕು?

ಹಿಂದಿನ ಮೋಜಣಿಯ ಪಾಠ

ಹೊಲದ ಗುಣದೋಷಗಳನ್ನು ಬರೆದಿಡುವ ಪದ್ಧತಿಯು ನಮ್ಮ ನಾಡಿಗೆ ಹೊಸದೇನೂ ಅಲ್ಲ. ನಮ್ಮ ಕಡೆಯಲ್ಲಿ ಉತಾರವೆಂದೂ ಪಹಣಿಯೆಂದೂ ಕರೆಯುವ ಕಾಗದದ ಹೆಸರಿನಲ್ಲಿಯೇ ಅದರ ಅರ್ಥವಿದೆ. ಪಹಣಿಯೆಂಬುದು ಮರಾಠಿಯಿಂದ ಬಂದ ಮಾತು. ನೋಡುವದು, ಕಣ್ಣಾರೆ ಕಂಡು ಪರೀಕ್ಷಿಸುವದು ಎಂದು ಅದರ ಅರ್ಥ. ನೋಡದೆ ಬರೆದದ್ದು ಪಹಣಿಯೇ ಅಲ್ಲ.

ಮುಂಬಯಿ ಇಲಾಖೆಯಲ್ಲಿ ಇಂಗ್ರೇಜರು ಮಾಡಿದ ಮೊದಲಿನ ಮೋಜಣಿಯ ಕಥೆಯನ್ನು ಇಲ್ಲಿ ನೆನೆಯುವದು ಉಚಿತ. ೧೮೨೦ರ ದಶಕದ ಕೊನೆಗೆ ಪುಣೆಯ ಕಡೆಗೆ ಪ್ರಿಂಗಲ್ ಎಂಬ ಅಧಿಕಾರಿಯು ಪ್ರತಿಯೊಂದು ತರದ ನೆಲದ ನಿವ್ವಳ ಹುಟ್ಟುವಳಿಯನ್ನು ಲೆಕ್ಕಹಾಕಿ ಅದರ ಮೇಲೆ ಆಕಾರ ಕಟ್ಟಲು ಹೊರಟನು. ಲೆಕ್ಕವು ಬಹು ಸೂಕ್ಷ್ಮವಾಗಿತ್ತು. ಆದರೆ ಕೆಳಗಿನ ನೌಕರರಿಂದ ಬಂದ ಅಂಕೆಗಳು ನಂಬುವಂತಿರಲಿಲ್ಲ. ಮೇಲಿನ ಗಣಿತವು ಎಷ್ಟು ಶುದ್ಧವಾಗಿದ್ದರೇನು, ಬುಡದ ಅಂಕೆಯೇ ಹುಳುಕಾದರೆ? ಪಟ್ಟಿಯ ಭಾರವನ್ನು ತಾಳಲಾರದೆ ಅನೇಕ ಒಕ್ಕಲಿಗರು ಹೊಲಗಳನ್ನು ಬಿಟ್ಟುಕೊಟ್ಟರು. ಆ ವ್ಯವಸ್ಥೆಯು ಬಿದ್ದುಹೋಯಿತು.

ಆ ಬಳಿಕ ಗೋಲ್ಡ್‌ಸ್ಮಿಡ್, ವಿಂಗೇಟ್ ಎಂಬವರು ಇಂದಾಪುರ ತಾಲೂಕಿನಿಂದ ಹೊಸ ರೀತಿಯ ಮೋಜಣಿಯನ್ನು ಆರಂಭಿಸಿದರು. ೧೮೪೦ರ ದಶಕದಲ್ಲಿ ಅದು ನಮ್ಮ ಧಾರವಾಡ ಸೀಮೆಗೂ ಬಂದಿತು. ೧೮೪೭ರ ಜಂಟಿ ವರದಿಯಲ್ಲಿ ಅದರ ನಿಯಮಗಳೆಲ್ಲ ಒಂದುಗೂಡಿದವು. ಮೂವತ್ತಮೂರು ಫೂಟು ಚೌಕವು ಒಂದು ಗುಂಟೆ, ನಾಲ್ವತ್ತು ಗುಂಟೆಗೆ ಒಂದು ಎಕರೆ ಎಂದು ಇಂದಿಗೂ ನಮ್ಮ ಜನರ ಬಾಯಲ್ಲಿರುವ ಅಳತೆಯು ಆ ಮೋಜಣಿಯ ಸರಪಳಿಯಿಂದ ನೆಲೆಗೊಂಡದ್ದು.

ಆ ಮೋಜಣಿದಾರರು ಹೊಲವನ್ನು ಹೇಗೆ ನೋಡುತ್ತಿದ್ದರೆಂಬುದು ಗಮನಾರ್ಹವಾಗಿದೆ. ಹೊಲದ ನಕ್ಷೆಯನ್ನು ಮನೆಮನೆಯಾಗಿ ಭಾಗಿಸಿ, ಒಂದೊಂದು ಭಾಗದಲ್ಲಿಯೂ ನೆಲವನ್ನು ಅಗೆದು ಮಣ್ಣಿನ ಆಳವನ್ನು ಮೊಳಗಳಿಂದ ಅಳೆಯುತ್ತಿದ್ದರು. ಮಣ್ಣಿನಲ್ಲಿ ಮೂರು ಜಾತಿ: ನುಣುಪಾದ ಎರೆ, ಅದಕ್ಕಿಂತ ಉರುಟಾದ ಕೆಂಪು ನೆಲ, ಗರಸು ಬೆರೆತ ಹಗುರ ನೆಲ. ಆಳಕ್ಕೆ ತಕ್ಕಂತೆ ಒಂಬತ್ತು ತರಗತಿಗಳು; ಹದಿನಾರಾಣೆಯಿಂದ ಎರಡಾಣೆಯ ವರೆಗೆ ಅವುಗಳ ಬೆಲೆ. ಇದಲ್ಲದೆ ಏಳು ದೋಷಗಳು: ಸುಣ್ಣದ ಹರಳು, ಮರಳಿನ ಬೆರಕೆ, ಇಳಿಜಾರು, ಮಣ್ಣಿಗೆ ಬಿಗಿಯಿಲ್ಲದಿರುವದು, ನೀರು ಇಂಗದಿರುವದು, ಹರಿನೀರಿನಿಂದ ಕೊಚ್ಚಿಹೋಗುವದು, ತೇವವು ಹೆಚ್ಚಾಗಿ ನಿಲ್ಲುವದು. ಒಂದೊಂದು ದೋಷಕ್ಕೂ ಒಂದೊಂದು ಗುರುತು. ಒಂದು ದೋಷ ಕಂಡರೆ ಒಂದು ತರಗತಿ ಕೆಳಗೆ.

ನಾವು ಆ ಆಡಳಿತವನ್ನು ಹೊಗಳಲು ಇದನ್ನು ಹೇಳುತ್ತಿಲ್ಲ. ಒಕ್ಕಲಿಗನಿಂದ ಎಷ್ಟು ತೆಗೆದುಕೊಳ್ಳಬಹುದೆಂಬುದನ್ನು ಗೊತ್ತುಪಡಿಸುವದೇ ಅದರ ಉದ್ದೇಶವಾಗಿತ್ತು. ಆದರೂ ಕೇಳದೆ ಇರಲಾಗದ ಪ್ರಶ್ನೆ ಇದು: ತೆಗೆದುಕೊಳ್ಳುವ ಸಲುವಾಗಿ ಹೊಲವನ್ನು ಅಗೆದು ನೋಡಿದವರಿಗಿಂತ, ಕೊಡುವ ಸಲುವಾಗಿ ಬರೆಯುವ ನಮ್ಮವರು ಕಡಿಮೆ ಲಕ್ಷ್ಯದಿಂದ ನೋಡಬೇಕೇ?

ದಪ್ತರದಿಂದ ಮೊಬೈಲಿಗೆ

ಕುಲಕರ್ಣಿಯ ದಪ್ತರವು ೧೯೫೦ರ ವತನ ರದ್ದತಿಯ ಕಾಯದೆಯಿಂದ ತಲಾಟಿಯ ಕೈಗೆ ಹೋಯಿತು. ತಲಾಟಿಯ ಕೈಬರಹದ ಪಹಣಿಯು ೨೦೦೦ದ ಸುಮಾರಿಗೆ ಬಂದ ‘ಭೂಮಿ’ ಯೋಜನೆಯಿಂದ ಗಣಕಯಂತ್ರವನ್ನು ಸೇರಿತು. ಸುಮಾರು ೬೭ ಲಕ್ಷ ಒಕ್ಕಲಿಗರ ೨ ಕೋಟಿ ದಾಖಲೆಗಳು ಹೀಗೆ ಅಚ್ಚಾದವು. ಅಂದಿನಿಂದ ಮಾಲಿಕನ ಹೆಸರನ್ನು ರಾತ್ರೋರಾತ್ರಿ ತಿದ್ದುವ ಭಯವು ಬಹಳ ಮಟ್ಟಿಗೆ ತಗ್ಗಿದೆಯೆಂಬುದನ್ನು ಒಪ್ಪಬೇಕು. ಆದರೆ ಮಾಲಕಿಯನ್ನು ತೋರಿಸುವ ಒಂಬತ್ತನೆಯ ಕಲಮಿಗೆ ದೊರೆತ ಗೌರವವು ಸಾಗುವಳಿಯನ್ನೂ ಬೆಳೆಯನ್ನೂ ತೋರಿಸುವ ಹನ್ನೆರಡನೆಯ ಕಲಮಿಗೆ ದೊರೆಯಲಿಲ್ಲ. ಚಾವಡಿಯಲ್ಲಿ ಕುಳಿತು ಹಿಂದಿನ ವರ್ಷದ ಬೆಳೆಯನ್ನೇ ಈ ವರ್ಷಕ್ಕೂ ಇಳಿಸಿ ಬರೆಯುವ ರೂಢಿಯು ಎಷ್ಟು ಹಳೆಯದೆಂಬುದು ಹಳ್ಳಿಯ ಜನರಿಗೆ ಹೇಳಿಕೊಡಬೇಕಾದ ಸಂಗತಿಯಲ್ಲ.

ಈ ರೂಢಿಯನ್ನು ಮುರಿಯಬೇಕೆಂದೇ ಕರ್ನಾಟಕ ಸರಕಾರವು ೨೦೧೭ರಿಂದೀಚೆಗೆ ಮೊಬೈಲಿನ ಮೂಲಕ ಬೆಳೆ ಸಮೀಕ್ಷೆಯನ್ನು ಹೂಡಿತು. ಊರಿನ ತರುಣರನ್ನು ಖಾಸಗಿ ನಿವಾಸಿಗಳೆಂಬ ಹೆಸರಿನಿಂದ ನೇಮಿಸಿತು. ೨೦೨೦ರ ಮುಂಗಾರಿಯಲ್ಲಿ ಒಕ್ಕಲಿಗನು ತಾನೇ ತನ್ನ ಬೆಳೆಯನ್ನು ಬರೆದು ಕಳಿಸುವ ಆ್ಯಪನ್ನು ಹೊರತಂದಿತು. ಬರೆದದ್ದನ್ನು ನೋಡಿ ಆಕ್ಷೇಪಣೆ ಮಾಡಲು ‘ಬೆಳೆ ದರ್ಶಕ್’ ಎಂಬ ಇನ್ನೊಂದು ಸಾಧನವುಂಟು. ಒಕ್ಕಲಿಗನ ಹೊಲ, ಆಧಾರ, ಬ್ಯಾಂಕಿನ ಖಾತೆಗಳನ್ನು ಒಂದೆಡೆ ಜೋಡಿಸುವ ‘ಫ್ರೂಟ್ಸ್’ ಎಂಬ ನೋಂದಣಿಯುಂಟು. ೨೦೨೪ರ ಸಪ್ಟೆಂಬರದಲ್ಲಿ ಕೇಂದ್ರ ಸರಕಾರವು ೨,೮೧೭ ಕೋಟಿ ರೂಪಾಯಿಯ ಡಿಜಿಟಲ್ ಕೃಷಿ ಯೋಜನೆಗೆ ಒಪ್ಪಿಗೆಯಿತ್ತು, ಇಂತಹ ಸಮೀಕ್ಷೆಯನ್ನು ದೇಶಕ್ಕೆಲ್ಲ ಹಬ್ಬಿಸಲು ಮುಂದಾಯಿತು. ಉದ್ದೇಶವು ಒಳ್ಳೆಯದು, ಸಾಧನವೂ ಒಳ್ಳೆಯದು. ಆದರೆ ಸಾಧನವು ಏನನ್ನು ಮಾಡಬಲ್ಲದು, ಏನನ್ನು ಮಾಡಲಾರದು ಎಂಬುದನ್ನು ತಿಳಿಯದೆ ನಂಬುವದು ಜಾಣತನವಲ್ಲ.

ಒಂದು ಗುಂಟೆಯ ಲೆಕ್ಕ

ಬಯಲಿನಲ್ಲಿ ನಿಂತ ಮೊಬೈಲು ತಾನಿರುವ ಸ್ಥಳವನ್ನು ಸಾಮಾನ್ಯವಾಗಿ ನಾಲ್ಕೈದು ಮೀಟರಿನ ಹೆಚ್ಚುಕಡಿಮೆಯೊಳಗೆ ಹೇಳುವದು. ಗುಂಟೆಯ ಬದಿಯೇ ಹತ್ತು ಮೀಟರು. ಎಂದ ಬಳಿಕ, ಬರೆಯುವವನು ಯಾವ ಹೊಲದಲ್ಲಿ ನಿಂತಿದ್ದಾನೆಂಬುದನ್ನು ಹೇಳಲು ಈ ಯಂತ್ರವು ಸಾಕು. ಬದುವಿನ ಜಗಳವನ್ನು ತೀರಿಸಲು ಸಾಲದು. ಎರಡು ಹಿಸ್ಸೆಗಳ ಅಂಚಿನಲ್ಲಿ ನಿಂತವನನ್ನು ಅದು ಆಚೆಯವನೆಂದೂ ಬಗೆಯಬಹುದು.

ಆಕಾಶದಿಂದ ನೋಡುವ ಉಪಗ್ರಹಗಳ ಮಾತನ್ನು ಈಗ ಎಲ್ಲರೂ ಆಡುತ್ತಾರೆ. ಯುರೋಪಿನವರು ೨೦೧೫ರಿಂದ ಹಾರಿಸಿದ ಸೆಂಟಿನೆಲ್-೨ ಉಪಗ್ರಹಗಳ ಚಿತ್ರದ ಅತ್ಯಂತ ಸಣ್ಣ ಚುಕ್ಕೆಯು ಹತ್ತು ಮೀಟರು ಚೌಕದ ನೆಲ, ಅಂದರೆ ಹೆಚ್ಚುಕಡಿಮೆ ನಮ್ಮ ಒಂದು ಗುಂಟೆ. ವಿಂಗೇಟನ ಸರಪಳಿಯೂ ಗಗನದ ಕಣ್ಣೂ ಒಂದೇ ಅಳತೆಗೆ ಬಂದು ನಿಂತದ್ದು ವಿಚಿತ್ರವೇ ಸರಿ. ಆದರೆ ಶ್ರಾವಣದ ಮೋಡಗಳ ಕೆಳಗೆ ಆ ಕಣ್ಣಿಗೆ ಏನೂ ಕಾಣಿಸದು. ಮೋಡ ಹರಿದಾಗಲೂ ಹತ್ತಿಯ ನಡುವಿನ ಒಂದು ಸಾಲು ತೊಗರಿಯು ಒಂದು ಚುಕ್ಕೆಯೊಳಗೆ ಕರಗಿಹೋಗುವದು. ಆ ಅಕ್ಕಡಿಯ ಸಾಲೇ ಬರಗಾಲದಲ್ಲಿ ಮನೆಯ ಬೇಳೆಯನ್ನು ಕಾಯುವ ಸಾಲು.

ವಿಮೆಯ ಲೆಕ್ಕವನ್ನು ನೋಡಿದರೆ ಇನ್ನೂ ಆಶ್ಚರ್ಯವಾಗುವದು. ಈ ಯೋಜನೆಯಲ್ಲಿ ಇಳುವರಿಯನ್ನು ಒಬ್ಬೊಬ್ಬರ ಹೊಲದಿಂದ ಅಳೆಯುವದಿಲ್ಲ. ಮುಖ್ಯ ಬೆಳೆಗಳಿಗೆ ಗ್ರಾಮ ಪಂಚಾಯಿತಿಗೆ ನಾಲ್ಕು ಕಡೆ ಬೆಳೆ ಕೊಯ್ದು ನೋಡುತ್ತಾರೆ. ಹಲವು ಬೆಳೆಗಳಿಗೆ ಕೊಯ್ಯುವ ತುಂಡು ಐದು ಮೀಟರು ಉದ್ದ, ಐದು ಮೀಟರು ಅಗಲ. ನಾಲ್ಕೂ ಕೂಡಿದರೆ ನೂರು ಚದರ ಮೀಟರು. ಅದೂ ಒಂದು ಗುಂಟೆಯೇ! ಇಡೀ ಪಂಚಾಯಿತಿಯ ಸಾವಿರಾರು ಎಕರೆಗಳ ಹಣೆಬರಹವು ಒಂದು ಗುಂಟೆಯ ರಾಶಿಯಲ್ಲಿ ಅಡಗಿದೆ. ಯಾದೃಚ್ಛಿಕವಾಗಿ ಆರಿಸಿದ ತುಂಡುಗಳಿಂದ ಇಡೀ ಸೀಮೆಯ ಬೆಳೆಯನ್ನು ಅಂದಾಜು ಮಾಡುವ ಈ ಶಾಸ್ತ್ರವನ್ನು ಮಹಲನೋಬಿಸ್, ಸುಖಾತ್ಮೆ, ಪಾನ್ಸೆ ಮೊದಲಾದ ನಮ್ಮ ದೇಶದ ವಿದ್ವಾಂಸರೇ ಬೆಳೆಸಿದರು, ಶಾಸ್ತ್ರದಲ್ಲಿ ದೋಷವಿಲ್ಲ. ಆದರೆ ಯಾವ ಹೊಲಗಳಲ್ಲಿ ಆ ಬೆಳೆಯಿದೆಯೆಂಬ ಪಟ್ಟಿಯು ಸರಿಯಾಗಿದ್ದರೆ ಮಾತ್ರ ಆ ಆರಿಸುವಿಕೆಯು ಸರಿಯಾದೀತು. ಪ್ರಿಂಗಲ್‌ನ ಕಾಲದ ಪಾಠವೇ ಇದು. ಬುಡದ ಬರಹವು ಸುಳ್ಳಾದರೆ ಮೇಲಿನ ಗಣಿತವು ಆ ಸುಳ್ಳನ್ನು ನುಣುಪುಗೊಳಿಸುವದೇ ಹೊರತು ತಿದ್ದುವದಿಲ್ಲ.

ಏನನ್ನು ಬರೆಯಬೇಕು?

ಈಗಿನ ಸಮೀಕ್ಷೆಯು ಬೆಳೆಯ ಹೆಸರು ಮತ್ತು ಕ್ಷೇತ್ರಗಳ ಮಟ್ಟಿಗೆ ನಿಂತಿದೆ. ಸರಕಾರದ ಕೆಲಸಕ್ಕೆ ಇಷ್ಟು ಸಾಕಾಗಬಹುದು, ಒಕ್ಕಲುತನಕ್ಕೆ ಸಾಲದು. ಬಿತ್ತಿದ ದಿನ ಯಾವುದು? ಯಾವ ಮಳೆಗೆ ಬಿತ್ತಿದ್ದು? ಬೀಜವು ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಡಿ.ಜಿ.ಜಿ.ವಿ.-೨ ಹೆಸರೋ, ಅಥವಾ ಮನೆಯ ಬೀಜವೋ? ಹಿಂದಿನ ವರ್ಷ ಆ ಹೊಲದಲ್ಲಿ ಏನಿತ್ತು? ನೀರು ಎಲ್ಲಿ ನಿಲ್ಲುತ್ತದೆ, ಒಡ್ಡು ಎಲ್ಲಿ ಒಡೆದಿದೆ? ಮಣ್ಣಿನ ಆರೋಗ್ಯದ ಚೀಟಿಯು ೨೦೧೫ರಿಂದ ಹನ್ನೆರಡು ಗುಣಗಳನ್ನು ಬರೆದು ಕೊಡುತ್ತಿರುವದು ನಿಜ. ಆದರೆ ಆ ಯೋಜನೆಯ ಮೂಲ ನಿಯಮದಂತೆ ಮಳೆಯಾಶ್ರಿತ ನೆಲದಲ್ಲಿ ಹತ್ತು ಹೆಕ್ಟೇರಿಗೆ, ಅಂದರೆ ಸುಮಾರು ಇಪ್ಪತ್ತೈದು ಎಕರೆಗೆ, ಒಂದು ಮಣ್ಣಿನ ಮಾದರಿ. ಮೇಲೆ ಮಡ್ಡಿ, ನಡುವೆ ಮಸಾರಿ, ಹಳ್ಳದ ಕಡೆಗೆ ಎರೆ ಇರುವ ನಮ್ಮ ಧಾರವಾಡದ ಹೊಲಗಳಿಗೆ ಒಂದೇ ಚೀಟಿಯ ಸಲಹೆಯು ಹೇಗೆ ಒಪ್ಪೀತು?

ಹೊರಗಿನ ದೇಶಗಳಲ್ಲಿ ಒಕ್ಕಲಿಗರು ತಮ್ಮ ತಮ್ಮ ಹೊಲಗಳ ಇಂತಹ ದಾಖಲೆಯನ್ನು ಗಣಕದ ತಂತ್ರಾಂಶಗಳಲ್ಲಿ ಇಡುತ್ತಾರೆ. ‘ಫಾರ್ಮ್‌ಓಎಸ್’ ಎಂಬುದು ಅವುಗಳಲ್ಲೊಂದು. ಯಾರು ಬೇಕಾದರೂ ಹಣವಿಲ್ಲದೆ ಪಡೆದು ತಮ್ಮ ಅನುಕೂಲದಂತೆ ತಿದ್ದಿಕೊಳ್ಳಬಹುದಾದದ್ದು. ಅದರಲ್ಲಿ ನೆಲದ ತುಂಡು, ಬೆಳೆ, ಬಿತ್ತಿದ್ದು, ಗೊಬ್ಬರ ಹಾಕಿದ್ದು, ಕೊಯ್ದದ್ದು, ಕಣ್ಣಿಗೆ ಕಂಡದ್ದು ಎಲ್ಲವೂ ತಾರೀಖಿನೊಡನೆ ನಿಲ್ಲುತ್ತವೆ. ಇಂಗ್ಲಂಡದ ರೋಥಮ್‌ಸ್ಟೆಡ್ ಎಂಬಲ್ಲಿ ೧೮೪೩ರಿಂದ ಒಂದೇ ಹೊಲದಲ್ಲಿ ಗೋಧಿಯನ್ನು ಬಿತ್ತಿ ಅದರ ಲೆಕ್ಕವನ್ನು ಇಟ್ಟುಕೊಂಡು ಬಂದಿದ್ದಾರೆ. ನೆಲಕ್ಕೆ ಹಾಕಿದ ಗೊಬ್ಬರದ ಫಲವೇನೆಂಬುದನ್ನು ಜಗತ್ತು ಆ ಪುಸ್ತಕದಿಂದ ಕಲಿಯಿತು. ಧಾರವಾಡ ಸೀಮೆಯಲ್ಲಿ ಹೊಸ ಮೋಜಣಿ ನಡೆದದ್ದೂ ಅದೇ ದಶಕದಲ್ಲಿ. ಅವರ ಲೆಕ್ಕವು ನೆಲವನ್ನು ಅರಿಯಲಿಕ್ಕಾಗಿ ಬೆಳೆಯಿತು; ನಮ್ಮದು ಆಕಾರವನ್ನು ಕಟ್ಟಿ ಮುಗಿಯಿತು. ಈಗಲಾದರೂ ನಮ್ಮ ಲೆಕ್ಕವು ನೆಲದ ಕಡೆಗೆ ತಿರುಗಬೇಡವೇ?

ನಮ್ಮ ಸೂಚನೆಗಳು

ಮೊದಲನೆಯದಾಗಿ, ಸಮೀಕ್ಷೆಯು ಮುಗಿದೊಡನೆ ಹೊಲವಾರು ಬೆಳೆಯ ಪಟ್ಟಿಯನ್ನು ಊರ ಚಾವಡಿಯಲ್ಲಿಯೋ ಪಂಚಾಯಿತಿಯ ಕಟ್ಟೆಯಲ್ಲಿಯೋ ಎಲ್ಲರ ಮುಂದೆ ಓದಿ ಹೇಳತಕ್ಕದ್ದು. ಆಕ್ಷೇಪಣೆಗೆ ಆ್ಯಪಿನಲ್ಲಿ ದಾರಿಯಿದೆಯೆಂದರೆ ಸಾಲದು. ಓದು ಬಾರದ ಅಜ್ಜನಿಗೂ, ಗಂಡನ ಹೆಸರಿನ ಹೊಲವನ್ನು ತಾನೇ ದುಡಿದು ನಡೆಸುವ ಹೆಣ್ಣುಮಗಳಿಗೂ ಅದು ಕಿವಿಗೆ ಬೀಳಬೇಕು. ಹೆಸರಿನಂತಹ ಅಲ್ಪಾವಧಿಯ ಬೆಳೆಗಳ ಪಟ್ಟಿಯು ಬೆಳೆ ಹೊಲದಲ್ಲಿರುವಾಗಲೇ ಹೊರಬೀಳಬೇಕು.

ಎರಡನೆಯದು ಬರೆಯುವ ತರುಣರ ವಿಷಯ. ಇಷ್ಟು ತಾಕಿಗೆ ಇಷ್ಟೆಂದು ಕೂಲಿ ಕೊಟ್ಟರೆ ಕೆಲಸವು ವೇಗವಾಗುವದು, ನೋಟವು ತೆಳುವಾಗುವದು. ಅವರಿಗೆ ಬೆಳೆಗಳ ಪರಿಚಯವನ್ನೂ ತಕ್ಕ ವೇತನವನ್ನೂ ಕೊಟ್ಟು, ಬರೆದ ಹೊಲಗಳಲ್ಲಿ ಕೆಲವನ್ನಾದರೂ ಮೇಲಿನವರು ನಡೆದು ಹೋಗಿ ನೋಡಬೇಕು.

ಮೂರನೆಯದಾಗಿ, ಲಾವಣಿಗೆ ಅಥವಾ ಪಾಲಿಗೆ ಹೊಲ ಮಾಡುವವರ ಹೆಸರು. ಬಿತ್ತುವವನು ಒಬ್ಬ, ಪರಿಹಾರ ಪಡೆಯುವವನು ಇನ್ನೊಬ್ಬನಾದರೆ ಬರಹವು ಸತ್ಯವಾಗಿದ್ದೂ ನ್ಯಾಯವಾಗಲಿಲ್ಲ. ಮಾಲಿಕನ ಹಕ್ಕಿಗೆ ಧಕ್ಕೆ ಬಾರದಂತೆ ಆ ಹಂಗಾಮಿನ ಮಟ್ಟಿಗೆ ಸಾಗುವಳಿದಾರನ ಹೆಸರನ್ನು ಬರೆಯುವ ದಾರಿಯನ್ನು ಶಾಸನಕರ್ತರು ಹುಡುಕಲಿ. ಇದು ಕಠಿಣ ಕಾರ್ಯವೆಂಬುದನ್ನು ನಾವು ಬಲ್ಲೆವು. ಮಾಲಿಕರ ಭಯವೂ ನಿರಾಧಾರವಲ್ಲ. ಆದರೆ ಕಠಿಣವೆಂದು ಬಿಟ್ಟರೆ ಅತ್ಯಂತ ಬಡವನೇ ದಾಖಲೆಯ ಹೊರಗುಳಿಯುವನು.

ನಾಲ್ಕನೆಯದಾಗಿ, ಒಂದೊಂದು ಹಂಗಾಮಿನ ಕೊನೆಗೂ ಹೊಲದ ದಾಖಲೆಯ ಒಂದು ಪ್ರತಿಯು ಕನ್ನಡದಲ್ಲಿ, ನಮ್ಮ ಜನರು ಆಡುವ ಮಾತುಗಳಲ್ಲಿ, ಒಕ್ಕಲಿಗನ ಕೈಗೆ ಬರಬೇಕು. ಅದು ಅವನ ಸೊತ್ತು. ಅವನ ಒಪ್ಪಿಗೆಯಿಲ್ಲದೆ ಬೀಜ-ಗೊಬ್ಬರ ಮಾರುವವರ ಕೈಗಾಗಲಿ ಸಾಲಗಾರರ ಕೈಗಾಗಲಿ ಅದು ಹೋಗಕೂಡದು. ವೈಯಕ್ತಿಕ ಮಾಹಿತಿಯ ರಕ್ಷಣೆಗೆ ೨೦೨೩ರಲ್ಲಿ ಕಾಯದೆಯಾಗಿದೆ. ಅದರ ಫಲವು ಎರೆಹೊಲದ ವರೆಗೂ ತಲುಪಲಿ.

ಒಕ್ಕಲಿಗ ಬಂಧುಗಳಿಗೂ ಒಂದು ಮಾತು

ತಪ್ಪೆಲ್ಲವೂ ಸರಕಾರದ್ದೇ ಎಂದು ನಾವು ಹೇಳುವದಿಲ್ಲ. ಹೆಚ್ಚು ವಿಮೆ ದೊರೆಯುವ ಬೆಳೆಯ ಹೆಸರನ್ನು ಬರೆಸಿ ಬೇರೊಂದನ್ನು ಬಿತ್ತುವವರು ನಮ್ಮಲ್ಲಿಯೂ ಇದ್ದಾರೆ. ಅಂತಹವರ ಸುಳ್ಳಿನಿಂದಲೇ ಸರಿಯಾಗಿ ಬರೆಸಿದವನ ಅರ್ಜಿಯೂ ಸಂಶಯಕ್ಕೆ ಈಡಾಗುವದು. ತೆಗೆದುಕೊಳ್ಳುವ ಸರಕಾರವಿದ್ದಾಗ ಬೆಳೆಯನ್ನು ಮರೆಮಾಚಿದವನನ್ನು ಜಗತ್ತು ಕ್ಷಮಿಸೀತು. ಇಂದು ಬರಹವು ಸತ್ಯವಾಗಿರುವದರಲ್ಲಿಯೇ ನಮ್ಮ ಹಿತವಿದೆ.

ಮನೆಯಲ್ಲಿ ಶಾಲೆ ಕಲಿತ ಮಗನೋ ಮಗಳೋ ಇರುವರು. ಕೈಯಲ್ಲಿ ಮೊಬೈಲು ಇರುವದು. ಬೆಳೆಯನ್ನು ತಾವೇ ಬರೆದು ಕಳಿಸಿರಿ, ಇನ್ನೊಬ್ಬರು ಬರೆದಿದ್ದರೆ ‘ಬೆಳೆ ದರ್ಶಕ್’ನಲ್ಲಿ ತೆರೆದು ನೋಡಿರಿ, ತಪ್ಪಿದ್ದರೆ ಬೆಳೆ ನಿಂತಿರುವಾಗಲೇ ಆಕ್ಷೇಪಣೆ ಮಾಡಿರಿ. ಅದರ ಜೊತೆಗೆ ಒಂದು ಇಪ್ಪತ್ತು ರೂಪಾಯಿಯ ವಹಿಯನ್ನು ಕೊಂಡು ‘ಬಾವಿಹೊಲ’, ‘ಮಡ್ಡಿಹೊಲ’, ‘ಹಳ್ಳದ ಪಟ್ಟಿ’ ಎಂದು ನಿಮ್ಮ ಮನೆಯ ಹೆಸರುಗಳಿಂದಲೇ ಹಾಳೆ ತೆರೆದು, ಬಿತ್ತಿದ ದಿನ, ಬೀಜ, ಗೊಬ್ಬರ, ಬಿದ್ದ ಮಳೆ, ಬಂದ ರಾಶಿಗಳನ್ನು ಬರೆದಿಡಿರಿ. ಐದು ವರ್ಷ ಹೀಗೆ ಬರೆದ ವಹಿಯು ನಿಮ್ಮ ಹೊಲದ ವಿಷಯದಲ್ಲಿ ಯಾವ ಆ್ಯಪಿಗಿಂತಲೂ ಹೆಚ್ಚು ತಿಳಿದದ್ದಾಗುವದು. ಮುಂದೆ ತಂತ್ರಾಂಶದಲ್ಲಿ ತುಂಬಬೇಕೆಂದರೂ ತುಂಬಲು ಏನಾದರೂ ಇರಬೇಕಷ್ಟೆ.

ಸರಪಳಿಯಿಂದ ಅಳೆದರೂ, ಗಗನದಿಂದ ಅಳೆದರೂ, ಕೊನೆಗೆ ಒಬ್ಬ ಮನುಷ್ಯನು ಕಾಲಿಗೆ ಎರೆಯ ಕೆಸರು ಮೆತ್ತಿಸಿಕೊಂಡು ಹೊಲದ ನಡುವೆ ಹೋಗಿ ನಿಂತು ನೋಡಲೇಬೇಕು. ಹಾಗೆ ನೋಡಿ ಬರೆದದ್ದೇ ಪಹಣಿ. ಈ ವರ್ಷದ ಹೆಸರು ಕಟಾವಿಗೆ ಬರುವ ಮೊದಲು ಅಧಿಕಾರಿಗಳೂ ಒಕ್ಕಲಿಗರೂ ಇದನ್ನು ಮನಸ್ಸಿಗೆ ತಂದುಕೊಳ್ಳುವರೆಂದು ನಾವು ಆಶಿಸುತ್ತೇವೆ.